ಕಾರಿನ ವೀಲ್ ಹೊಳಪು ಮಾಸದ ಹಾಗೆ ತೊಳೆಯೋದು, ಕಾಪಾಡ್ಕೊಳೋದು ಹೇಗೆ

ಕಾರು ತೊಳೆದು ಒರೆಸಿ ಎರಡು ಹೆಜ್ಜೆ ಹಿಂದೆ ನಿಂತು ನೋಡ್ತೀವಲ್ಲ, ಆಗ ಬಾಡಿ ಎಲ್ಲಾ ಫಳಫಳ ಅಂತಿದ್ರೂ ಗಾಡಿ ಯಾಕೋ ಕಳೆ ಇಲ್ದಂಗೆ ಕಾಣ್ತಿದೆ ಅನ್ಸತ್ತೆ, ಸರಿಯಾಗಿ ನೋಡಿದ್ರೆ ಕೊಳೆ ಉಳಿದಿರೋದು ವೀಲಲ್ಲಿ. ಸ್ಪೋಕ್ ಸಂದಿಲಿ ಕಂದು ಕಲೆ, ನಟ್ಟಿನ ಗುಳಿಲಿ ಮಸಿ, ರಿಮ್ಮಿನ ಒಳಗಡೆಯಂತೂ ಕೇಳೋದೇ ಬೇಡ. ಬಾಡಿಗೆ ಹಾಕಿದ ಅದೇ ಶ್ಯಾಂಪೂ ಹಾಕಿ ಎಷ್ಟು ಉಜ್ಜಿದ್ರೂ ಹೋಗಲ್ಲ. ಯಾಕಂದ್ರೆ ಅದು ಬರೀ ರಸ್ತೆ ಧೂಳಲ್ಲ, ಬ್ರೇಕ್ ಡಸ್ಟು.

ಬ್ರೇಕ್ ಒತ್ತಿದಾಗ ಪ್ಯಾಡು ಹೋಗಿ ವೀಲ್ ಜೊತೆ ತಿರುಗೋ ಡಿಸ್ಕನ್ನ ಕಚ್ಕೊಳತ್ತೆ, ಆಗ ಪ್ಯಾಡೂ ಸವೆಯತ್ತೆ ಡಿಸ್ಕೂ ಸವೆಯತ್ತೆ. ಸಾಮಾನ್ಯವಾಗಿ ಡಿಸ್ಕ್ ಅಂದ್ರೆ ಎರಕದ ಕಬ್ಬಿಣ, ಹಾಗಾಗಿ ಉದುರೋ ಪುಡಿಲಿ ಕಬ್ಬಿಣದ ಸಣ್ಣ ಸಣ್ಣ ಚೂರು ಇರತ್ತೆ, ಅದೂ ಬಿಸಿಬಿಸಿಯಾಗಿ ಹಾರಿ ಬಂದು ವೀಲಿಗೆ ಅಂಟ್ಕೊಳತ್ತೆ. ಅಷ್ಟಕ್ಕೇ ಮುಗಿಯಲ್ಲ, ಮಳೆ ನೀರೋ ಇಬ್ಬನಿಯೋ ತಾಗಿದ ತಕ್ಷಣ ಆ ಚೂರುಗಳಿಗೆ ತುಕ್ಕು ಹಿಡಿಯತ್ತೆ, ತುಕ್ಕು ಹಿಡಿದ ಕಬ್ಬಿಣ ಹಿಗ್ಗತ್ತೆ, ಹಿಗ್ಗಿ ವೀಲ್ ಪೇಂಟಿನ ಮೇಲಿರೋ ಬಣ್ಣ ಇಲ್ಲದ ಲ್ಯಾಕರ್ ಪದರದೊಳಗೆ ಬೇರು ಬಿಟ್ಟಂಗೆ ಕೂತ್ಬಿಡತ್ತೆ. ಬೆಳ್ಳಿ ಬಣ್ಣದ ವೀಲ್ ಮೇಲೆ ಕಿತ್ತಳೆ ಬಣ್ಣದ ಚುಕ್ಕೆ ಚುಕ್ಕೆ ಕಾಣೋದು ಇದೇ. ಹಿಂದಿನ ವೀಲಿಗಿಂತ ಮುಂದಿನ ವೀಲ್ ಬೇಗ ಕಪ್ಪಾಗೋದಕ್ಕೂ ಇದೇ ಕಾರಣ, ಬ್ರೇಕ್ ಹಾಕಿದಾಗ ಗಾಡಿ ಭಾರ ಮುಂದಕ್ಕೆ ಬರತ್ತೆ, ನಿಲ್ಲಿಸೋ ಕೆಲಸದಲ್ಲಿ ಹೆಚ್ಚಿನ ಪಾಲು ಮುಂದಿನ ಬ್ರೇಕ್ ಮಾಡತ್ತೆ.

ಇದು ಅರ್ಥ ಆದ್ರೆ ಉಳಿದಿದ್ದೆಲ್ಲಾ ಸುಲಭ. ಡಸ್ಟು ಬೇರು ಬಿಡೋಕೆ ಮುಂಚೆ ತೆಗೆದ್ರೆ ಬರೀ ಸೋಪು ನೀರು ಸಾಕು. ಜೋರು ಕೆಮಿಕಲ್ ಬೇಕಾಗೋದು ತಿಂಗಳುಗಟ್ಟಲೆ ಬಿಟ್ಟಾಗ ಮಾತ್ರ. ನಾನು ನೋಡಿರೋ ಹಾಳಾದ ವೀಲುಗಳಲ್ಲಿ ಕೊಳೆಯಿಂದ ಹಾಳಾಗಿದ್ದು ಕಮ್ಮಿ, ಕೊಳೆ ತೆಗೆಯೋಕೆ ಹೋಗಿ ಹಾಳಾಗಿದ್ದೇ ಜಾಸ್ತಿ.

ನನ್ನದೇ ಗಾಡಿಲಿ ಆಗಿದೆ. ದೂರದಿಂದ ಓಡಿಸ್ಕೊಂಡು ಬಂದು ಹಾಗೇ ನೇರವಾಗಿ ಒಂದು ವಾಷಿಂಗ್ ಜಾಗಕ್ಕೆ ಕೊಟ್ಟೆ, ವೀಲ್ ಇನ್ನೂ ಬಿಸಿ ಇತ್ತು, ಅವರು ಹೆಸರಿಲ್ಲದ ಬಾಟಲಿಂದ ಏನೋ ಸ್ಪ್ರೇ ಮಾಡಿದ್ರು, ಐದು ನಿಮಿಷಕ್ಕೆ ಎಲ್ಲಾ ಹೊಸದರಂಗೆ ಆಯ್ತು, ಖುಷಿಯಾಗಿ ಬಂದೆ. ಮನೆಗೆ ಬಂದು ಒಣಗಿದ್ಮೇಲೆ ನೋಡಿದ್ರೆ ಒಂದು ವೀಲ್ ಮೇಲೆ ಹಾಲು ಸುರಿದಂಗೆ ಬಿಳಿ ಬಿಳಿ ಗೆರೆ. ಅದನ್ನ ನೀರಿಂದ ತೊಳೆದೆ, ಶ್ಯಾಂಪೂ ಹಾಕಿದೆ, ಪಾಲಿಷ್ ಮಾಡಿದೆ, ಜಪ್ಪಯ್ಯ ಅಂದ್ರೂ ಹೋಗ್ಲಿಲ್ಲ. ಆ್ಯಸಿಡ್ ಬಿಸಿ ವೀಲ್ ಮೇಲೆ ಒಣಗಿ ಲ್ಯಾಕರನ್ನೇ ತಿಂದ್ಬಿಟ್ಟಿತ್ತು. ಆಮೇಲಿಂದ ನನ್ನ ವೀಲ್ ನಾನೇ ತೊಳೀತೀನಿ.

ಹಾಗಾಗಿ ಮೊದಲನೇ ಮಾತು, ವೀಲ್ ತಣ್ಣಗಿರಬೇಕು. ಕೈ ಇಟ್ರೆ ಸ್ವಲ್ಪವೂ ಬಿಸಿ ಅನ್ಸಬಾರದು. ಬಿಸಿ ವೀಲ್ ಮೇಲೆ ಏನೇ ಹಾಕಿದ್ರೂ ತೊಳೆಯೋಕೆ ಮುಂಚೆನೇ ಒಣಗಿ ಕಲೆ ಕೂರತ್ತೆ, ಕಾದ ಡಿಸ್ಕ್ ಮೇಲೆ ದಿಢೀರ್ ಅಂತ ತಣ್ಣೀರು ಬೀಳೋದೂ ಡಿಸ್ಕಿಗೆ ಒಳ್ಳೇದಲ್ಲ. ನೆರಳಲ್ಲಿ ನಿಲ್ಲಿಸಿ, ಒಂದು ಗಂಟೆ ಬಿಡಿ, ಬೆಳಗ್ಗೆ ಗಾಡಿ ತೆಗೆಯೋಕೆ ಮುಂಚೆ ತೊಳೆದ್ರೆ ಇನ್ನೂ ಉತ್ತಮ.

ಎರಡನೇದು, ನಿಮ್ಮ ವೀಲ್ ಯಾವ ಜಾತಿದು ಅಂತ ತಿಳ್ಕೊಳಿ, ಇದನ್ನ ತುಂಬಾ ಜನ ಬಿಟ್ಬಿಡ್ತಾರೆ. ಒಂದು ಮ್ಯಾಗ್ನೆಟ್ ಇಟ್ಟು ನೋಡಿ, ಕಚ್ಕೊಂಡ್ರೆ ಸ್ಟೀಲ್ ರಿಮ್ಮು, ಕಚ್ಕೊಳ್ಳದಿದ್ರೆ ಅಲಾಯ್, ಅಂದ್ರೆ ಸಾಮಾನ್ಯವಾಗಿ ಅಲ್ಯೂಮಿನಿಯಂ ಮಿಶ್ರಲೋಹ. ಅಲಾಯಲ್ಲಿ ಹೆಚ್ಚಿನವು ಪೇಂಟ್ ಹೊಡೆದು ಮೇಲೆ ಕ್ಲಿಯರ್ ಕೋಟ್ ಅಂದ್ರೆ ಬಣ್ಣ ಇಲ್ಲದ ಲ್ಯಾಕರ್ ಕೊಟ್ಟಿರ್ತಾರೆ, ಇವನ್ನ ಕಾರಿನ ಬಾಡಿ ಪೇಂಟ್ ಥರಾನೇ ನೋಡ್ಕೊಂಡ್ರೆ ಆಯ್ತು. ಎರಡು ಬಣ್ಣ ಇರೋದು, ಮುಖ ಮಾತ್ರ ಬೆಳ್ಳಿ ಥರ ಹೊಳೆಯೋದು, ಹತ್ರ ಹೋಗಿ ನೋಡಿದ್ರೆ ಗ್ರಾಮಫೋನ್ ಪ್ಲೇಟಲ್ಲಿ ಇರೋ ಹಾಗೆ ಸಣ್ಣ ಸಣ್ಣ ಸುತ್ತು ಗೆರೆ ಕಾಣೋದು ಡೈಮಂಡ್ ಕಟ್, ಅದನ್ನ ಲೇತಲ್ಲಿ ಕೊರೆದು ಮೇಲೆ ತೆಳ್ಳಗೆ ಲ್ಯಾಕರ್ ಹಾಕಿರ್ತಾರೆ, ತುಂಬಾ ನಾಜೂಕು. ಲ್ಯಾಕರ್ರೇ ಇಲ್ಲದ ಪಾಲಿಷ್ ಮಾಡಿದ ಬರಿ ಅಲ್ಯೂಮಿನಿಯಂ ಇರತ್ತೆ, ಕ್ರೋಮ್ ಇರತ್ತೆ, ಹೊಳಪೇ ಇಲ್ಲದ ಮ್ಯಾಟ್ ಇರತ್ತೆ. ಲ್ಯಾಕರ್ ಇದ್ಯೋ ಇಲ್ವೋ ಗೊತ್ತಾಗದಿದ್ರೆ ಕಣ್ಣಿಗೆ ಬೀಳದ ಒಂದು ಮೂಲೆಲಿ ಬಿಳಿ ಬಟ್ಟೆಗೆ ಚೂರು ಮೆಟಲ್ ಪಾಲಿಷ್ ಹಾಕಿ ಮೆತ್ತಗೆ ತಿಕ್ಕಿ, ಬಟ್ಟೆ ಕಪ್ಪಗಾದ್ರೆ ಅದು ಬರಿ ಲೋಹ, ಆಗದಿದ್ರೆ ಮೇಲೆ ಲ್ಯಾಕರ್ ಇದೆ ಅಂತ.

ಇದು ಯಾಕೆ ಮುಖ್ಯ ಅಂದ್ರೆ ಅಲ್ಯೂಮಿನಿಯಂ ಒಂಥರಾ ಲೋಹ, ಅದಕ್ಕೆ ಆ್ಯಸಿಡ್ಡೂ ಆಗಲ್ಲ, ಕ್ಷಾರವೂ ಆಗಲ್ಲ, ಎರಡೂ ಅದನ್ನ ತಿನ್ನತ್ತೆ. ಟಾಯ್ಲೆಟ್ ತೊಳೆಯೋ ಲಿಕ್ವಿಡ್ ಹಾಕಿದ್ರೆ ವೀಲ್ ಬೆಳ್ಳಗಾಗತ್ತೆ ಅಂತ ಕೆಲವರು ಹೇಳ್ತಾರೆ, ದಯವಿಟ್ಟು ಮಾಡ್ಬೇಡಿ, ಅದರಲ್ಲಿ ಸಾಮಾನ್ಯವಾಗಿ ಇರೋದು ಹೈಡ್ರೋಕ್ಲೋರಿಕ್ ಆ್ಯಸಿಡ್. ಓವನ್ ಕ್ಲೀನರಲ್ಲಿ ಕಾಸ್ಟಿಕ್ ಸೋಡ ಇರತ್ತೆ, ಅದೂ ಬೇಡ. ಕೆಲವು ಅಗ್ಗದ ವೀಲ್ ಕ್ಲೀನರಲ್ಲಿ ಹೈಡ್ರೋಫ್ಲೋರಿಕ್ ಆ್ಯಸಿಡ್ ಅಥವಾ ಅಮೋನಿಯಂ ಬೈಫ್ಲೋರೈಡ್ ಇರತ್ತೆ, ಇದು ವೀಲಿಗಿಂತ ನಿಮಗೇ ಅಪಾಯ, ಚರ್ಮದ ಮೂಲಕ ಒಳಗಿಳಿದು ಮೂಳೆವರೆಗೂ ಹೋಗತ್ತೆ, ತಾಗಿದ ಕೂಡ್ಲೇ ಉರಿ ಗೊತ್ತಾಗದೇನೂ ಇರಬಹುದು. ಬಾಟಲ್ ಮೇಲೆ ಪಿಎಚ್ ನ್ಯೂಟ್ರಲ್ (ಆ್ಯಸಿಡ್ಡೂ ಅಲ್ಲ, ಕ್ಷಾರವೂ ಅಲ್ಲ) ಅಂತ ಬರೆದಿದ್ರೆ ಎಲ್ಲಾ ಥರದ ವೀಲಿಗೂ ಅದೇ ಸುರಕ್ಷಿತ, ಏನು ಅಂತ ಬರೆಯದೇ ಇರೋ ಬಾಟಲಿ ಮುಟ್ಟಲೇಬೇಡಿ.

ಸಾಮಾನು ಜಾಸ್ತಿ ಏನಿಲ್ಲ. ವೀಲಿಗೆ ಅಂತಲೇ ಒಂದು ಸೋಪ್ ಬಕೆಟ್ಟು, ಬಟ್ಟೆ ಬ್ರಷ್ ಜಾಲಿಸೋಕೆ ಇನ್ನೊಂದು ಬರೀ ನೀರಿನ ಬಕೆಟ್ಟು. ಕಾರ್ ಶ್ಯಾಂಪೂ. ಸಂದಿಗೆ ಹೋಗೋ ಮೆತ್ತನೆ ಕೂದಲಿನ ಸಣ್ಣ ಬ್ರಷ್, ಪೇಂಟ್ ಹೊಡೆಯೋ ಬ್ರಷ್ ಆದ್ರೂ ಆಗತ್ತೆ ಆದ್ರೆ ಅದರ ತಗಡಿನ ಪಟ್ಟಿಗೆ ಟೇಪ್ ಸುತ್ಕೊಳಿ, ಇಲ್ಲಾಂದ್ರೆ ಅದೇ ಗೀರತ್ತೆ. ರಿಮ್ಮಿನ ಒಳಗಡೆ ಉಜ್ಜೋಕೆ ಉದ್ದ ಹಿಡಿ ಇರೋ ದಪ್ಪ ಮೆತ್ತನೆ ಬ್ರಷ್. ಟೈರಿಗೆ ಮಾತ್ರ ಗಟ್ಟಿ ಬ್ರಷ್. ಮೂರ್ನಾಲ್ಕು ಮೈಕ್ರೋಫೈಬರ್ ಬಟ್ಟೆ, ಕೈಗೆ ಗ್ಲೌಸು. ವೀಲಿಗೆ ಬಳಸಿದ ಬಟ್ಟೆನ ಬಾಡಿಗೆ ತರಬೇಡಿ, ಒಗೆದಿದ್ರೂ ತರಬೇಡಿ, ನೂಲಿನೊಳಗೆ ಸಿಕ್ಕಿರೋ ಕಬ್ಬಿಣದ ಪುಡಿ ಬಾಡಿ ಪೇಂಟನ್ನ ಉಪ್ಪು ಕಾಗದದ ಥರ ಗೀರತ್ತೆ. ನಾನು ಗುರುತಿಗೆ ವೀಲ್ ಬಟ್ಟೆಗಳ ಮೂಲೆ ಕತ್ತರಿಸಿ ಇಟ್ಟಿದೀನಿ.

ಈಗ ಕೆಲಸ ಶುರು. ಬಾಡಿಗಿಂತ ಮುಂಚೆ ವೀಲ್ ತೊಳೀರಿ, ಬಾಡಿ ತೊಳೆದ್ಮೇಲೆ ವೀಲ್ ಉಜ್ಜಿದ್ರೆ ಕರಿ ನೀರೆಲ್ಲಾ ಮತ್ತೆ ಬಾಡಿಗೇ ಹಾರತ್ತೆ. ಒಂದು ಸಲಕ್ಕೆ ಒಂದೇ ವೀಲು. ನಾಲ್ಕಕ್ಕೂ ಕ್ಲೀನರ್ ಹೊಡ್ಕೊಂಡು ಆಮೇಲೆ ಉಜ್ಜೋಣ ಅಂತ ಹೋದ್ರೆ ನಾಲ್ಕನೇದು ತಲುಪೋ ಹೊತ್ತಿಗೆ ಅದು ಒಣಗಿರತ್ತೆ. ಮೊದಲು ಬರೀ ನೀರು, ಪೈಪಲ್ಲಿ ಧಾರಾಳವಾಗಿ ಹಾಕಿ, ಸ್ಪೋಕ್ ಹಿಂದೆ, ಟೈರಿನ ಕಮಾನಿನ ಒಳಗೆ, ಎಲ್ಲಾ ಕಡೆ. ಉದುರೋದೆಲ್ಲಾ ನೀರಲ್ಲೇ ಉದುರಿ ಹೋಗ್ಲಿ, ಇದನ್ನ ಬಿಟ್ಟು ನೇರ ಉಜ್ಜೋಕೆ ಹೋದ್ರೆ ಮರಳು ಹಾಕ್ಕೊಂಡು ತಿಕ್ಕಿದ ಹಾಗೆ. ಪ್ರೆಶರ್ ವಾಷರ್ ಇದ್ರೆ 30 ಸೆಂಟಿಮೀಟರಾದ್ರೂ ದೂರ ಇಟ್ಕೊಳಿ, ಮೂತಿನ ತೀರಾ ಹತ್ರ ತಂದ್ರೆ ಟೈರಿನ ಪಕ್ಕದ ರಬ್ಬರಿಗೇ ಪೆಟ್ಟು ಬೀಳಬಹುದು, ಅದು ಹೊರಗೆ ಕಾಣಲ್ಲ.

ಆಮೇಲೆ ಟೈರು. ವೀಲ್ ಬಗ್ಗೆ ಬರೆಯುವಾಗ ಟೈರ್ ಯಾಕೆ ಅಂದ್ರೆ ಟೈರು ಕಂದಾಗಿದ್ರೆ ವೀಲ್ ಎಷ್ಟು ಹೊಳೆದ್ರೂ ಎದ್ದು ಕಾಣಲ್ಲ. ರಬ್ಬರ್ ಬಿರುಕು ಬಿಡದಿರ್ಲಿ ಅಂತ ಅದರೊಳಗೇ ಒಂದು ರಾಸಾಯನಿಕ ಸೇರ್ಸಿರ್ತಾರೆ, ಅದು ನಿಧಾನಕ್ಕೆ ಮೇಲಕ್ಕೆ ಬಂದು ಗಾಳಿ ತಾಗಿ ಕಂದಾಗತ್ತೆ. ಗಟ್ಟಿ ಬ್ರಷ್ಷಿಗೆ ಸೋಪ್ ಹಾಕ್ಕೊಂಡು ನೊರೆ ಬೆಳ್ಳಗಾಗೋವರೆಗೂ ತಿಕ್ಕಿ, ಮೊದಲ ನೊರೆ ಚಹಾದ ಬಣ್ಣದಲ್ಲಿ ಬರತ್ತೆ, ಎರಡು ಮೂರು ಸುತ್ತಿಗೆ ತಿಳಿಯಾಗತ್ತೆ.

ಈಗ ವೀಲು. ಹೊರಗೆ ಥಳುಕು ಒಳಗೆ ಹುಳುಕು ಅಂತಾರಲ್ಲ, ವೀಲಲ್ಲಿ ಅದು ಅಕ್ಷರಶಃ ನಿಜ, ಎಲ್ಲರೂ ಮುಖ ಉಜ್ಜಿ ಬಿಟ್ಬಿಡ್ತಾರೆ, ಡಸ್ಟು ಎಲ್ಲಕ್ಕಿಂತ ದಪ್ಪವಾಗಿ ಕೂರೋದು ಒಳಗಿನ ಸುತ್ತಲ್ಲಿ. ಆದ್ದರಿಂದ ಒಳಗಿಂದ ಶುರು ಮಾಡಿ. ಉದ್ದ ಬ್ರಷ್ಷನ್ನ ಸೋಪ್ ನೀರಲ್ಲಿ ಅದ್ದಿ ಸ್ಪೋಕುಗಳ ನಡುವೆ ತೂರಿಸಿ ಹಿಂದೆ ಮುಂದೆ ಆಡಿಸಿ. ಒಳಗಡೆ ಒಂದು ಕಡೆ ಚೌಕಚೌಕ ಸೀಸದ ಅಥವಾ ಕಬ್ಬಿಣದ ತುಂಡು ಅಂಟ್ಸಿರೋದು ಸಿಗತ್ತೆ, ಅದು ಬ್ಯಾಲೆನ್ಸಿಂಗ್ ವೇಟು, ಕೊಳೆ ಅಂದ್ಕೊಂಡು ಕೆರೀಬೇಡಿ, ಅದು ಬಿದ್ದೋದ್ರೆ ಸ್ಪೀಡಲ್ಲಿ ಸ್ಟೇರಿಂಗ್ ನಡುಗೋಕೆ ಶುರುವಾಗತ್ತೆ. ಆಮೇಲೆ ಸ್ಪೋಕಿನ ಹಿಂಬದಿ, ಆಮೇಲೆ ಸಣ್ಣ ಬ್ರಷ್ಷಲ್ಲಿ ನಟ್ಟಿನ ಗುಳಿಗಳು, ಗಾಳಿ ವಾಲ್ವಿನ ಬುಡ, ಕೊನೆಗೆ ಮುಖ. ಮುಖಕ್ಕೆ ಬ್ರಷ್ ಬೇಡ, ಬಟ್ಟೆ ಸಾಕು. ಬ್ರಷ್ಷನ್ನ ಆಗಾಗ ಬರೀ ನೀರಿನ ಬಕೆಟ್ಟಲ್ಲಿ ಜಾಲಿಸ್ತಾ ಇರಿ. ಚೆನ್ನಾಗಿ ನೀರು ಹಾಕಿ ತೊಳೀರಿ.

ವಾರಕ್ಕೊಂದ್ಸಲವೋ ಎರಡು ವಾರಕ್ಕೊಂದ್ಸಲವೋ ಇಷ್ಟು ಮಾಡೋರಿಗೆ ಇಲ್ಲಿಗೇ ಸಾಕು. ತುಂಬಾ ದಿನ ಬಿಟ್ಟಿದ್ದೋರಿಗೆ, ಕೈ ಆಡಿಸಿದ್ರೆ ಇನ್ನೂ ತರಿತರಿ ಅನ್ನೋರಿಗೆ, ಐರನ್ ರಿಮೂವರ್ ಅಂತ ಬರತ್ತೆ ಅದು ಬೇಕು. ಇದರಲ್ಲಿ ಕೆಲಸ ಮಾಡೋದು ಸಾಮಾನ್ಯವಾಗಿ ಥಯೋಗ್ಲೈಕೊಲೇಟ್ ಅನ್ನೋ ರಾಸಾಯನಿಕ, ಇದು ಕಬ್ಬಿಣವನ್ನ ಹುಡುಕಿ ಹಿಡ್ಕೊಂಡು ನೀರಲ್ಲಿ ಕರಗೋ ಹಾಗೆ ಮಾಡತ್ತೆ, ಲ್ಯಾಕರಿಗೆ ಏನೂ ಮಾಡಲ್ಲ. ನನಗೆ ಈ ಹೊತ್ತು ತುಂಬಾ ಇಷ್ಟ. ಸ್ಪ್ರೇ ಮಾಡಿದಾಗ ನೀರಿನ ಥರ ಇರತ್ತೆ, ಅರ್ಧ ನಿಮಿಷಕ್ಕೆ ಒಂದು ಚುಕ್ಕೆ ನೇರಳೆ ಆಗತ್ತೆ, ಪಕ್ಕದಲ್ಲಿ ಇನ್ನೊಂದು, ನೋಡ್ತಾ ನೋಡ್ತಾ ಇಡೀ ವೀಲ್ ನೇರಳೆ ಹಣ್ಣು ಹಿಂಡಿದಂಗೆ ಸೋರೋಕೆ ಶುರುವಾಗತ್ತೆ, ಸ್ವಚ್ಛ ಆಯ್ತು ಅಂದ್ಕೊಂಡಿದ್ದ ಜಾಗದಿಂದಲೂ ಬಣ್ಣ ಇಳಿಯತ್ತೆ. ಅಷ್ಟೂ ಕಬ್ಬಿಣ. ವಾಸನೆ ಮಾತ್ರ ಕೊಳೆತ ಮೊಟ್ಟೆ ಥರ, ಗಂಧಕದ್ದು, ಗಾಳಿ ಆಡೋ ಕಡೆ ಮಾಡಿ, ಗ್ಲೌಸ್ ಹಾಕ್ಕೊಳಿ. ಮೂರರಿಂದ ಐದು ನಿಮಿಷ ಬಿಟ್ಟು ಬ್ರಷ್ಷಲ್ಲಿ ಆಡಿಸಿ ತೊಳೀರಿ, ಒಣಗೋಕೆ ಬಿಡಬೇಡಿ. ತುಂಬಾ ಹಳೇ ಡಸ್ಟು ಆದ್ರೆ ಒಂದೇ ಸಲಕ್ಕೆ ಪೂರ್ತಿ ಹೋಗಲ್ಲ, ಮತ್ತೊಂದ್ಸಲ ಹಾಕಿ, ಆದ್ರೆ ಉಗುರಲ್ಲೋ ಚಾಕುವಲ್ಲೋ ಕೆರೆಯೋಕೆ ಹೋಗ್ಬೇಡಿ. ವರ್ಷಕ್ಕೆ ಮೂರು ನಾಲ್ಕು ಸಲಕ್ಕಿಂತ ಜಾಸ್ತಿ ಇದು ಬೇಕಾಗಲ್ಲ. ಬರಿ ಲೋಹದ ವೀಲ್ ಆದ್ರೆ ಬಾಟಲ್ ಮೇಲೆ ಅದಕ್ಕೂ ಆಗತ್ತಾ ಅಂತ ಓದ್ಕೊಂಡು, ಮೂಲೆಲಿ ಟೆಸ್ಟ್ ಮಾಡಿ ಆಮೇಲೆ ಹಾಕಿ.

ಇದಾದ್ಮೇಲೂ ಕಪ್ಪು ಚುಕ್ಕೆ ಉಳಿದಿದ್ರೆ ಅದು ರಸ್ತೆ ಟಾರು. ಟಾರ್ ರಿಮೂವರನ್ನ ಬಟ್ಟೆಗೆ ಹಾಕಿ ಅದರ ಮೇಲೆ ಒಂದು ನಿಮಿಷ ಇಟ್ಟು ಒರೆಸಿದ್ರೆ ಬರತ್ತೆ, ಆಮೇಲೆ ಆ ಜಾಗ ಮತ್ತೆ ಸೋಪಲ್ಲಿ ತೊಳೀರಿ.

ಒಣಗಿಸೋದು ಮರೀಬೇಡಿ. ಗಡಸು ನೀರಾದ್ರೆ ಹನಿ ಒಣಗಿದ ಕಡೆ ಸುಣ್ಣದ ಬಿಳಿ ಉಂಗುರ ಉಳಿಯತ್ತೆ, ಅದು ಹಾಗೇ ಕೂತ್ರೆ ಆಮೇಲೆ ತೆಗೆಯೋದು ಕಷ್ಟ. ಲ್ಯಾಕರ್ ಇರೋ ವೀಲಲ್ಲಿ ಉಂಗುರ ಈಗಾಗ್ಲೇ ಬಿದ್ದಿದ್ರೆ ಬಿಳಿ ವಿನೆಗರ್‌ಗೆ ಅಷ್ಟೇ ನೀರು ಬೆರೆಸಿ ಬಟ್ಟೆಲಿ ಒಂದು ನಿಮಿಷ ಒತ್ತಿ ಹಿಡಿದು ಕೂಡ್ಲೇ ನೀರು ಹಾಕಿ, ಬರಿ ಅಲ್ಯೂಮಿನಿಯಂ ಮೇಲೆ ಮಾತ್ರ ಇದು ಬೇಡ. ಎಲ್ಲಾ ಮುಗಿದ್ಮೇಲೆ ಗಾಡಿನ ಹಾಗೇ ನಿಲ್ಲಿಸ್ಬೇಡಿ, ಒಂದು ಸಣ್ಣ ರೌಂಡ್ ನಿಧಾನಕ್ಕೆ ಓಡಿಸಿ ನಾಲ್ಕೈದು ಸಲ ಮೆತ್ತಗೆ ಬ್ರೇಕ್ ಒತ್ತಿ. ಒದ್ದೆ ಡಿಸ್ಕ್ ಮೇಲೆ ಸ್ವಲ್ಪ ಹೊತ್ತಿಗೇ ಕೇಸರಿ ಬಣ್ಣದ ತುಕ್ಕಿನ ಪುಡಿ ಬರತ್ತೆ, ನೋಡಿ ಗಾಬರಿ ಆಗ್ಬೇಡಿ, ಬ್ರೇಕ್ ಹಾಕಿದ್ರೆ ಒರೆಸಿಕೊಂಡು ಹೋಗತ್ತೆ. ಒದ್ದೆಲೇ ಹ್ಯಾಂಡ್‌ಬ್ರೇಕ್ ಎಳೆದು ದಿನಗಟ್ಟಲೆ ಬಿಟ್ರೆ ಪ್ಯಾಡು ಕಚ್ಕೊಂಡ್ಬಿಡೋದೂ ಉಂಟು.

ಇನ್ನು ಹೊಳಪು ಕಾಪಾಡೋದು. ಲ್ಯಾಕರ್ ಇರೋ ವೀಲಿಗೆ ಮೆಟಲ್ ಪಾಲಿಷ್ ಹಾಕಿ ತಿಕ್ಕೋದು ತಪ್ಪು, ಅದು ಲ್ಯಾಕರನ್ನ ಗೀರಿ ಮಂಕು ಮಾಡತ್ತೆ. ಮೆಟಲ್ ಪಾಲಿಷ್ ಬರಿ ಲೋಹದ ವೀಲಿಗೆ ಮಾತ್ರ. ಅಲ್ಲಿ ಸ್ವಲ್ಪ ಜಾಗ ತಗೊಂಡು ಬಟ್ಟೆ ಪೂರ್ತಿ ಕಪ್ಪಗಾಗೋವರೆಗೂ ತಿಕ್ಕಿ, ಆ ಕಪ್ಪು ಅಂದ್ರೆ ಮಾಸಿದ ಮೇಲ್ಪದರ ಬಿಟ್ಟು ಬರ್ತಿದೆ ಅಂತ, ಆಮೇಲೆ ಒಣ ಬಟ್ಟೆಲಿ ಒರೆಸಿದ್ರೆ ಮುಖ ಕಾಣೋ ಹಾಗಾಗತ್ತೆ. ಕ್ರೋಮ್ ಮೇಲೆ ಸಣ್ಣ ತುಕ್ಕಿನ ಚುಕ್ಕೆ ಇದ್ರೆ ಅಲ್ಯೂಮಿನಿಯಂ ಫಾಯಿಲ್ ಮುದುರಿ ನೀರಲ್ಲಿ ಅದ್ದಿ ತಿಕ್ಕಿ, ಫಾಯಿಲ್ ಕ್ರೋಮಿಗಿಂತ ಮೆತ್ತಗಿರೋದ್ರಿಂದ ಗೀರು ಬೀಳಲ್ಲ. ಮ್ಯಾಟ್ ವೀಲಿಗೆ ಪಾಲಿಷ್ಷೂ ಬೇಡ ಮಾಮೂಲಿ ವ್ಯಾಕ್ಸೂ ಬೇಡ, ಅಲ್ಲಲ್ಲಿ ಹೊಳೆದು ತೇಪೆ ತೇಪೆ ಕಾಣತ್ತೆ.

ರಕ್ಷಣೆ ಅಂದ್ರೆ ಡಸ್ಟು ನೇರವಾಗಿ ಲ್ಯಾಕರಿಗೆ ತಾಗದ ಹಾಗೆ ಮೇಲೊಂದು ಪದರ ಕೊಡೋದು. ವ್ಯಾಕ್ಸ್ ಸುಲಭ, ಆದ್ರೆ ಕಾರ್ನೌಬಾ ವ್ಯಾಕ್ಸ್, ಅಂದ್ರೆ ಒಂದು ಜಾತಿ ತಾಳೆ ಎಲೆಯ ಮೇಣ, ಕರಗೋದು ಸುಮಾರು 82ರಿಂದ 86 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಬ್ರೇಕ್ ಪಕ್ಕದಲ್ಲಿ ಕಾಯೋ ವೀಲ್ ಮೇಲೆ ಅದು ಕೆಲವೇ ವಾರ ನಿಲ್ಲತ್ತೆ. ವ್ಯಾಕ್ಸ್ ಬದಲು ಹಚ್ಚೋ ಕೃತಕ ಲೇಪ, ಸಿಂಥೆಟಿಕ್ ಸೀಲೆಂಟ್, ಎರಡು ಮೂರು ತಿಂಗಳು ಬರತ್ತೆ, ಹಾಕೋದೂ ಸುಲಭ, ನನ್ನ ಕೇಳಿದ್ರೆ ಹೆಚ್ಚಿನವರಿಗೆ ಇಷ್ಟೇ ಸಾಕು. ಸೆರಾಮಿಕ್ ಕೋಟಿಂಗ್ ಚೆನ್ನಾಗಿ ಹಾಕಿದ್ರೆ ಒಂದು ವರ್ಷ ಮೀರಿ ಬರತ್ತೆ, ಆದ್ರೆ ಚೆನ್ನಾಗಿ ಹಾಕೋದೇ ಕೆಲಸ, ಮೇಲೆ ಚೂರು ಜಿಡ್ಡೋ ಡಸ್ಟೋ ಉಳಿದಿದ್ರೆ ಅದರ ಮೇಲೇ ಗಟ್ಟಿಯಾಗಿ ಕೂತ್ಬಿಡತ್ತೆ. ತೊಳೆದು, ಐರನ್ ರಿಮೂವರ್ ಹಾಕಿ, ಒಣಗಿಸಿ, ಜಿಡ್ಡು ಹೋಗೋಕೆ ಐಸೋಪ್ರೊಪೈಲ್ ಆಲ್ಕೋಹಾಲಲ್ಲಿ ಒರೆಸಿ, ಆಮೇಲೆ ಹಚ್ಚಬೇಕು, ಒಂದೊಂದೇ ಸ್ಪೋಕ್ ತಗೊಂಡು ಹಚ್ಚಿ ಬಾಟಲಲ್ಲಿ ಹೇಳಿರೋ ಟೈಮಿಗೆ ಸರಿಯಾಗಿ ಒರೆಸಿ, ಆಮೇಲೆ ಒಂದು ದಿನ ಆದ್ರೂ ನೀರು ಸೋಕಬಾರದು.

ಇದಕ್ಕೆ ಒಳ್ಳೇ ಸಮಯ ಟೈರ್ ರೊಟೇಶನ್‌ಗೆ, ಅಂದ್ರೆ ಟೈರುಗಳ ಜಾಗ ಅದಲು ಬದಲು ಮಾಡೋಕೆ, ವೀಲ್ ಬಿಚ್ಚಿದಾಗ, ಒಳಸುತ್ತು ಪೂರ್ತಿ ಕೈಗೆ ಸಿಗತ್ತೆ. ಆದ್ರೆ ವೀಲು ಹಬ್ (ವೀಲನ್ನ ಹಿಡಿದಿಡೋ ನಡು ಭಾಗ) ಮೇಲೆ ಕೂರೋ ಜಾಗಕ್ಕೆ, ನಟ್ಟು ಕೂರೋ ಜಾಗಕ್ಕೆ ಏನೂ ಹಚ್ಬೇಡಿ. ವಾಪಸ್ ಹಾಕುವಾಗ ನಟ್ಟುಗಳನ್ನ ಎದುರುಬದುರು ಕ್ರಮದಲ್ಲಿ, ಗಾಡಿ ಮ್ಯಾನ್ಯುಯಲ್ಲಿ ಹೇಳಿರೋ ಟಾರ್ಕಿಗೆ, ಅಂದ್ರೆ ತಿರುಗಿಸೋ ಬಲದ ಅಳತೆಗೆ, ಟೈಟ್ ಮಾಡಿ, 50ರಿಂದ 100 ಕಿಲೋಮೀಟರ್ ಓಡಿದ್ಮೇಲೆ ಮತ್ತೊಂದ್ಸಲ ಚೆಕ್ ಮಾಡಿ. ವ್ಯಾಕ್ಸೋ ಟೈರ್ ಶೈನೋ ಯಾವುದೂ ಬ್ರೇಕ್ ಡಿಸ್ಕಿಗೆ ತಾಗಬಾರದು, ಟೈರಿನ ನೆಲಕ್ಕೆ ತಾಗೋ ಭಾಗಕ್ಕೂ ಹಾಕಬಾರದು, ಜಾರತ್ತೆ. ಟೈರ್ ಶೈನನ್ನ ನೇರ ಸ್ಪ್ರೇ ಮಾಡದೇ ಸ್ಪಂಜಿಗೆ ಹಾಕ್ಕೊಂಡು ಪಕ್ಕಕ್ಕೆ ಮಾತ್ರ ಹಚ್ಚಿ.

ಡೈಮಂಡ್ ಕಟ್ ಇರೋರಿಗೆ ಒಂದು ಮಾತು ಬೇರೆಯಾಗೇ ಹೇಳ್ಬೇಕು. ಫುಟ್‌ಪಾತಿಗೆ ಉಜ್ಜಿದ್ದೋ ಕಲ್ಲು ಹೊಡೆದಿದ್ದೋ ಸಾಸಿವೆ ಕಾಳಿನಷ್ಟು ಲ್ಯಾಕರ್ ಕಿತ್ತಿದ್ರೂ ಅಲ್ಲಿಂದ ನೀರು ಒಳಗೆ ಇಳಿಯತ್ತೆ, ಕೆಲವು ತಿಂಗಳಲ್ಲಿ ಲ್ಯಾಕರ್ ಕೆಳಗೆ ಗೆದ್ದಲು ಹುಳ ಹರಿದ ದಾರಿ ಥರ ಸಣ್ಣ ಬಿಳಿ ಎಳೆಗಳು ಕಾಣಿಸ್ಕೊಳತ್ತೆ. ಅದು ಕೊಳೆ ಅಲ್ಲ, ಅಲ್ಯೂಮಿನಿಯಂ ಒಳಗೇ ಕೆಡ್ತಿರೋದು, ಎಷ್ಟು ತೊಳೆದ್ರೂ ಹೋಗಲ್ಲ, ಲೇತಿಗೆ ಹಾಕಿ ಮತ್ತೆ ಕಟ್ ಮಾಡಿ ಲ್ಯಾಕರ್ ಹೊಡೀಬೇಕು, ಹಾಗೆ ಕಟ್ ಮಾಡಿದಾಗೆಲ್ಲಾ ಲೋಹ ಹೋಗೋದ್ರಿಂದ ಎಷ್ಟು ಸಲ ಬೇಕಾದ್ರೂ ಮಾಡೋಕಾಗಲ್ಲ. ಅದಕ್ಕೇ ಪ್ರತಿ ಸಲ ತೊಳೆದಾಗ ಅಂಚನ್ನ ಬೆರಳಿಂದ ಸವರಿ ನೋಡಿ, ಗೀರು ಸಿಕ್ಕಿದ್ರೆ ಅಲ್ಲಿ ಚೆನ್ನಾಗಿ ಒಣಗಿಸಿ ಒಂದು ಹನಿ ಕ್ಲಿಯರ್ ಲ್ಯಾಕರ್ ಹಚ್ಚಿ.

ಡಸ್ಟೇ ಕಮ್ಮಿ ಆಗ್ಲಿ ಅನ್ನೋರು ಮುಂದಿನ ಸಲ ಪ್ಯಾಡ್ ಬದಲಾಯಿಸುವಾಗ ಗಾಡಿಗೆ ಹೊಂದೋ ಸೆರಾಮಿಕ್ ಪ್ಯಾಡ್ ಕೇಳಿ, ಲೋಹ ಬೆರೆಸಿದ ಸೆಮಿ ಮೆಟಾಲಿಕ್ ಪ್ಯಾಡಿಗಿಂತ ಪುಡಿ ಕಮ್ಮಿ, ಬಣ್ಣವೂ ತಿಳಿ.

ಕೈಯಾರೆ ತೊಳೆಯೋದ್ರಿಂದ ಇನ್ನೊಂದು ಲಾಭ ಇದೆ, ಗಾಡಿ ಏನಾದ್ರೂ ಹೇಳ್ತಿದ್ರೆ ಇಲ್ಲೇ ಗೊತ್ತಾಗತ್ತೆ. ಮುಂದಿನ ಎರಡೂ ವೀಲಲ್ಲಿ ಡಸ್ಟು ಹೆಚ್ಚು ಕಮ್ಮಿ ಒಂದೇ ಸಮ ಇರಬೇಕು, ಒಂದರಲ್ಲಿ ಮಾತ್ರ ತುಂಬಾ ಇದ್ರೆ ಆ ಕಡೆ ಪ್ಯಾಡನ್ನ ಡಿಸ್ಕಿಗೆ ಒತ್ತೋ ಬ್ರೇಕ್ ಕ್ಯಾಲಿಪರ್ ಬಿಡದೇ ಹಿಡ್ಕೊಂಡಿರಬಹುದು. ಒಳಸುತ್ತಲ್ಲಿ ಗ್ರೀಸ್ ಚಿಮ್ಮಿರೋ ಗೆರೆ ಕಂಡ್ರೆ ಆ್ಯಕ್ಸಲ್ ಕೀಲಿನ ಗ್ರೀಸ್ ಹಿಡಿದಿಡೋ ರಬ್ಬರ್ ಕವರ್, ಅಂದ್ರೆ ಆ್ಯಕ್ಸಲ್ ಬೂಟ್, ಹರಿದಿರಬಹುದು. ಎಣ್ಣೆ ಥರ ಒದ್ದೆ ಇಳಿದು ಅಲ್ಲಿ ಪೇಂಟ್ ಗುಳ್ಳೆ ಎದ್ದಿದ್ರೆ ಅದು ಬ್ರೇಕ್ ಆಯಿಲ್ ಸೋರ್ತಿರೋದು ಇರಬಹುದು, ಬ್ರೇಕ್ ಆಯಿಲ್ ಪೇಂಟನ್ನ ತಿನ್ನತ್ತೆ. ಅದನ್ನ ಒರೆಸಿ ಸುಮ್ನಾಗ್ಬೇಡಿ, ಮೆಕ್ಯಾನಿಕ್‌ನ ಗಾಡಿ ಇದ್ದ ಕಡೆಗೇ ಕರೆಸಿ ತೋರಿಸಿ, ಅಲ್ಲಿವರೆಗೂ ಗಾಡಿ ತೆಗೀಬೇಡಿ.